ಗ್ಯಾರೇಜಿನಲ್ಲಿ ಹಾಡುವ ಟೆನರ್

ವಾಷಿಂಗ್ಟನ್ ವಿಮಾನ ನಿಲ್ದಾಣ

ಅಮೆರಿಕದ ನೆಲದ ಮೇಲೆ ನನಗಿಂತ ಮೊದಲು ಬಾಯಿ ತೆರೆದದ್ದು ನನ್ನ ತಂಬೂರಿ. ವಾಷಿಂಗ್ಟನ್ನಿನಲ್ಲಿ ವಿಮಾನ ಬದಲಿಸುವಾಗ ತಪಾಸಣೆಯ ಹೆಂಗಸು ನನ್ನ ಚೀಲದಿಂದ ಒಂದು ಪೆಟ್ಟಿಗೆ ಹೊರತೆಗೆದು ಅದರ ಗುಂಡಿ ತಿರುವಿದಳು. ಅದು ವಿದ್ಯುತ್ ತಂಬೂರಿ. ಮರದ ತಂಬೂರಿ ಹೊತ್ತು ದೇಶ ಸುತ್ತಲಾರದ ನನ್ನಂಥವರಿಗಾಗಿ ಮಾಡಿದ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಬ್ಯಾಟರಿ ತೆಗೆಯಲು ಮರೆತಿದ್ದೆ. ಪೆಟ್ಟಿಗೆ ಗುಂಯ್ ಎಂದು ನುಡಿಯತೊಡಗಿತು. ಸಾಲಿನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಏಕೆಂದರೆ ಪಂಚಮ ಸ್ವರ ಕೂದಲೆಳೆಯಷ್ಟು ಇಳಿದಿತ್ತು. ಸರಿ ಮಾಡೋಣವೆಂದು ಕೈ ಚಾಚಿದೆ.

"ಮ್ಯಾಮ್, ಕೈ ತೆಗೀರಿ!"

ಮತ್ತಿಬ್ಬರು ಬಂದರು. ಇದು ಏನು ಮಾಡುತ್ತದೆ ಎಂದು ಕೇಳಿದರು. ಇದು ಏನೂ ಮಾಡುವುದಿಲ್ಲ, ಸುಮ್ಮನೆ ಹಿಂದೆ ಇರುತ್ತದೆ ಎಂದೆ. ಅವಳಿ ಗೋಪುರಗಳು ಬಿದ್ದ ನಂತರದ ಆ ವರ್ಷಗಳಲ್ಲಿ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಒಂದು ಯಂತ್ರದ ಬಗ್ಗೆ ಹೇಳಬಾರದ ಮಾತು ಅದೊಂದೇ ಇರಬೇಕು. ಕೊನೆಗೆ ಅಲ್ಲೇ ನಿಂತು ನಾಲ್ಕು ಸ್ವರ ಹಾಡಿ ತೋರಿಸಿದೆ. ಆ ಹೆಂಗಸು ತಲೆದೂಗಿ ಚೀಲ ಕಟ್ಟಿಕೊಟ್ಟಳು. ಷಾರ್ಲೆಟ್ಟಿನ ವಿಮಾನ ನನ್ನನ್ನು ಬಿಟ್ಟು ಹೋಗಿತ್ತು, ಮುಂದಿನದು ಹತ್ತಿದೆ.

ನಾನು ಧಾರವಾಡದಲ್ಲಿ ನಲವತ್ತು ವರ್ಷ ಹಿಂದೂಸ್ತಾನಿ ಗಾಯನ ಕಲಿಸಿದವಳು, ಸುಮಿತ್ರಾ. ಅಪಸ್ವರ ಕೇಳಿದರೆ ತಿದ್ದದೆ ಇರಲಾರೆ. ಭಜನೆಯ ನಡುವೆ ಪಕ್ಕದವರನ್ನು ತಿದ್ದಿದ್ದೇನೆ, ಮದುವೆ ಮಂಟಪದಲ್ಲಿ ಶಹನಾಯಿಯವನನ್ನು ತಿದ್ದಿದ್ದೇನೆ. ಇದನ್ನು ಗುಣವೆನ್ನುವವರೂ ಇದ್ದಾರೆ, ರೋಗವೆನ್ನುವವರೇ ಹೆಚ್ಚು. ಅಕ್ಕನ ಮಗಳು ವಿದ್ಯಾ ಎರಡನೆಯ ಗುಂಪಿನವಳು. ಎಂಟು ವರ್ಷ ನನ್ನ ಹತ್ತಿರ ಹಾಡು ಕಲಿತು, ಮೆಡಿಕಲ್ ಸೀಟು ಸಿಕ್ಕ ದಿನ ಬಿಟ್ಟವಳು. ನನ್ನ ತಿದ್ದುವಿಕೆಯಿಂದ ಪಾರಾಗಲು ಡಾಕ್ಟರ್ ಆದೆ ಎಂದು ಎಲ್ಲರೆದುರು ಹೇಳುತ್ತಾಳೆ. ಅವಳ ಮನೆಯಲ್ಲಿ ಎರಡು ತಿಂಗಳು ಇರಲು ನಾನು ಹೋದದ್ದು 2006ರ ವಸಂತದಲ್ಲಿ.

ಫೋರ್ಟ್ ಮಿಲ್

ವಿದ್ಯಾ ಕೆಲಸ ಮಾಡುವುದು ಉತ್ತರ ಕೆರೊಲಿನಾದ ಷಾರ್ಲೆಟ್ಟಿನಲ್ಲಿ, ಮಲಗುವುದು ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್ಲಿನಲ್ಲಿ. ದಿನಕ್ಕೆರಡು ಬಾರಿ ರಾಜ್ಯದ ಗಡಿ ದಾಟುತ್ತಾಳೆ. ನಮ್ಮಲ್ಲಾದರೆ ಗಡಿ ಎಂದರೆ ಬೇರೆ ಭಾಷೆಯ ಬೋರ್ಡು, ಬೇರೆ ರುಚಿಯ ಚಹಾ. ಇಲ್ಲಿ ರಸ್ತೆಯ ಬಣ್ಣ ಕೂಡ ಬದಲಾಗುವುದಿಲ್ಲ.

ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಡೆಯಲು ಹೋದರೆ ಕಾರು ನಿಲ್ಲಿಸಿ, "ಏನಾದರೂ ತೊಂದರೆಯಾ?" ಎಂದು ವಿಚಾರಿಸುತ್ತಾರೆ. ಇಲ್ಲಿ ಕಾಲ ಮೇಲೆ ನಡೆಯುವವರು ಕಷ್ಟದಲ್ಲಿದ್ದಾರೆ ಎಂದೇ ಲೆಕ್ಕ.

ಮೂರನೆಯ ದಿನ ಬೆಳಿಗ್ಗೆ ಒಂದು ದನಿ ಕೇಳಿತು. ಪಕ್ಕದ ಮನೆಯ ಗ್ಯಾರೇಜಿನಿಂದ, ಮುಚ್ಚಿದ ಬಾಗಿಲ ಹಿಂದಿನಿಂದ. ಗಂಡಸಿನ ದನಿ, ವಯಸ್ಸಾದದ್ದು, ಆದರೆ ಎಂಥ ದನಿ! ಕೆಳಗಿನಿಂದ ಒಂದೊಂದೇ ಸ್ವರ ಹತ್ತುತ್ತ ಬಂತು. ಮೇಲಿನ ಒಂದು ಸ್ವರದ ಹೊಸ್ತಿಲಿಗೆ ಬಂದು ನಿಂತುಬಿಟ್ಟಿತು. ಮತ್ತೆ ಕೆಳಗಿನಿಂದ ಶುರು, ಮತ್ತೆ ಅಲ್ಲೇ ನಿಲುಗಡೆ. ಮರುದಿನವೂ ಅದೇ. ನಾಲ್ಕು ದಿನ ತಡೆದುಕೊಂಡೆ. ನನ್ನ ಮಟ್ಟಿಗೆ ಅದು ದಾಖಲೆ.

"ಅಲ್ಲ, ಅಂವಾ ಯಾಕ ದಿನಾ ಅಲ್ಲೇ ನಿಂದರತಾನ?" ಎಂದು ವಿದ್ಯಾಳನ್ನು ಕೇಳಿದೆ.

"ಅವರು ಆರ್ಥರ್ ಅಂಕಲ್, ಮೌಶಿ. ಇಂಗ್ಲೆಂಡಿನವರು. ಆಪೆರಾದಾಗ ದೊಡ್ಡ ಟೆನರ್ ಇದ್ದರಂತ. ಈಗ ರಿಟೈರ್ ಆಗ್ಯಾರ."

ಟೆನರ್ ಎಂದರೆ ಗಂಡಸರ ದನಿಗಳಲ್ಲಿ ಎತ್ತರದ್ದು. ಆಪೆರಾದಲ್ಲಿ, ಅಂದರೆ ಮಾತೆಲ್ಲ ಹಾಡಾಗಿರುವ ಅವರ ನಾಟಕದಲ್ಲಿ, ನಾಯಕನ ಪಾತ್ರ ಸಾಮಾನ್ಯವಾಗಿ ಅವನದೇ.

"ನಾ ಹೋಗಿ ಕೇಳಿ ಬರ್ತೀನಿ."

"ಇಲ್ಲೆ ಹಂಗ ಸೀದಾ ಹೋಗಿ ಬಾಗಿಲಾ ಬಡೀಬಾರದು. ಫಸ್ಟ್ ಕಾಲ್ ಮಾಡಬೇಕು."

"ಹಂಗಂದ್ರ ಕಾಲ್ ಮಾಡು."

"ಏನಂತ ಮಾಡ್ಲಿ? ನಮ್ಮ ಮೌಶಿ ಬಂದು ನಿಮ್ಮ ಹಾಡು ಕರೆಕ್ಟ್ ಮಾಡ್ತಾಳಂತ ಹೇಳ್ಲ್ಯಾ?"

ಅವಳು ಆಸ್ಪತ್ರೆಗೆ ಹೋದ ಮೇಲೆ ನಾನು ಸೀದಾ ಹೋಗಿ ಬಾಗಿಲು ಬಡಿದೆ.

ತೆರೆದವರು ಎಪ್ಪತ್ನಾಲ್ಕರ ಎತ್ತರದ ಮನುಷ್ಯ, ಕೆಂಪು ಮುಖ, ತೋಳಿಗೆ ಹಿಟ್ಟು ಮೆತ್ತಿತ್ತು. ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದರಂತೆ. ನನ್ನದು ಧಾರವಾಡದ ಕಾಲೇಜಿನ ಇಂಗ್ಲಿಷ್, ಅವರದು ಯಾರ್ಕ್‌ಷೈರಿನ ಗಣಿ ಊರಿನ ಇಂಗ್ಲಿಷ್. ಎರಡೂ ಅಮೆರಿಕದವರಿಗೆ ಅರ್ಥವಾಗುವುದಿಲ್ಲವಾದ್ದರಿಂದ ನಾವಿಬ್ಬರೂ ಬೇಗ ಒಂದಾದೆವು. ಮುಂದೆ ಅವರ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ.

ನಾನು ಹಾಡುಗಾರ್ತಿ ಎಂದು ಕೇಳಿದ್ದೇ ತಡ, ಒಂದು ಡಬ್ಬಿ ಮುಂದೆ ಹಿಡಿದರು. ಅಂಗಿಯ ಗುಂಡಿಯಂಥ ಕರಿ ಮಿಠಾಯಿ. "ಗಂಟಲಿಗೆ ಒಳ್ಳೆಯದು, ಇದರ ಬೇರು ನಮ್ಮೂರ ಕಡೆ ಬೆಳೆಯುತ್ತಿತ್ತು" ಎಂದರು. ಬಾಯಿಗೆ ಹಾಕಿಕೊಂಡರೆ ನಮ್ಮ ಜ್ಯೇಷ್ಠಮಧು! ನನ್ನ ಸೆರಗಿನ ಗಂಟಿನಲ್ಲೂ ಅದರದೇ ಒಂದು ಕಡ್ಡಿ ಇತ್ತು. ಬಿಚ್ಚಿ ಕೊಟ್ಟೆ. ಅವರು ಮೂಸಿ ನೋಡಿ ದೊಡ್ಡದಾಗಿ ನಕ್ಕರು.

ಅವರ ಕಥೆ ನಾಲ್ಕು ಬೆಳಗುಗಳಲ್ಲಿ ಹೊರಬಂತು. ತಂದೆ ಕಲ್ಲಿದ್ದಲ ಗಣಿಯ ಕೆಲಸಗಾರ. ಹಾಡು ಕಲಿತದ್ದು ಊರಿನ ಪ್ರಾರ್ಥನಾ ಮಂದಿರದಲ್ಲಿ. ಹದಿನೈದಕ್ಕೆ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತೆ. ಮೂಟೆಗಳ ನಡುವೆ ಹಾಡುತ್ತಿದ್ದುದನ್ನು ಕೇಳಿದ ಮಂದಿರದ ಹಿರಿಯರು ಸೇರಿ ಲಂಡನ್ನಿಗೆ ಕಳಿಸಿದರು. ಅಲ್ಲಿ ಆರು ವರ್ಷ ಮೇಳದಲ್ಲಿ ನಿಂತರು: ಒಂದು ದಿನ ಸೈನಿಕ, ಒಂದು ದಿನ ಸನ್ಯಾಸಿ, ಒಂದು ದಿನ ಊರ ಕುಡುಕ. ಒಮ್ಮೆ ನಾಯಕನಿಗೆ ಜ್ವರ ಬಂತು. ಅವನ ಅಂಗಿ ತೊಟ್ಟು ಇವರು ಹಾಡಿದರು. ತೋಳು ನಾಲ್ಕು ಬೆರಳು ಗಿಡ್ಡವಾಗಿತ್ತಂತೆ. ಆಮೇಲೆ ಇಪ್ಪತ್ತಮೂರು ವರ್ಷ ನಾಯಕನ ಅಂಗಿ ಇವರ ಅಳತೆಗೇ ಹೊಲಿಯಲ್ಪಟ್ಟಿತು.

"ಎಷ್ಟು ಸಲ ಸತ್ತಿದ್ದೇನೆ ಎಂದು ಲೆಕ್ಕವಿಲ್ಲ ಮೇಡಮ್. ಕತ್ತಿಯಿಂದ, ಗುಂಡಿನಿಂದ, ವಿಷದಿಂದ. ಅದೂ ನನಗೆ ಅನ್ನ ಕೇಳಲೂ ಬಾರದ ಭಾಷೆಗಳಲ್ಲಿ."

ನಾನೇನು ಕಡಿಮೆ? ಧಾರವಾಡದಲ್ಲಿ ಜೋಳದ ರೊಟ್ಟಿ ತಿಂದು ನಲವತ್ತು ವರ್ಷ ಬ್ರಜ ಭಾಷೆಯಲ್ಲಿ ಕೃಷ್ಣನನ್ನು ಕರೆದವಳು. ಹಾಗೆಂದಾಗ ಅವರು ಎದ್ದು ನನ್ನ ಕೈ ಕುಲುಕಿದರು.

ಐವತ್ತೆಂಟನೆಯ ವಯಸ್ಸಿನಲ್ಲಿ, ತುಂಬಿದ ರಂಗಮಂದಿರದಲ್ಲಿ, ಆ ಮೇಲಿನ ಸ್ವರದ ಮೇಲೆ ದನಿ ಒಡೆಯಿತು. "ಮಡಕೆ ಬಿದ್ದ ಹಾಗೆ" ಎಂದರು. ಯಾರೂ ಕೂಗಲಿಲ್ಲ, ನಗಲಿಲ್ಲ. ಎರಡು ಸಾವಿರ ಜನ ಉಸಿರು ಹಿಡಿದು ಕುಳಿತಿದ್ದರು. ಅಂದಿನಿಂದ ಹದಿನಾರು ವರ್ಷ ಅವರು ಒಬ್ಬರೆದುರೂ ಹಾಡಲಿಲ್ಲ. ಹೆಂಡತಿ ರೂತ್ ಈ ಕಡೆಯವರು, ಪಿಯಾನೋ ವಾದಕಿ. ಅವರ ತವರೂರೆಂದು ಇಲ್ಲಿ ಬಂದು ನೆಲೆಸಿ ಪಾಠ ಹೇಳಿದರು. ರೂತ್ ತೀರಿಕೊಂಡು ನಾಲ್ಕು ವರ್ಷ. ಪಿಯಾನೋದ ಮುಚ್ಚಳದ ಮೇಲೆ ಫೋಟೋಗಳು ಕುಳಿತಿವೆ. ಹಾಡುವುದು ಮಾತ್ರ ಗ್ಯಾರೇಜಿನಲ್ಲಿ, ಬಾಗಿಲು ಮುಚ್ಚಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ.

"ಪಟ್ಟಿ ಇಳಿಸಿ" ಎಂದೆ. ಪಟ್ಟಿ ಎಂದರೆ ಹಾಡುವವರು ತಮ್ಮ ಸಾ ಇಟ್ಟುಕೊಳ್ಳುವ ಜಾಗ. ನಾನು ಮೂವತ್ತರಲ್ಲಿ ಕಪ್ಪು ಐದರಲ್ಲಿ, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆಯಲ್ಲಿ, ಹಾಡುತ್ತಿದ್ದೆ. ಈಗ ವಯಸ್ಸಿಗೆ ತಕ್ಕಂತೆ ಇಳಿಸಿಕೊಂಡಿದ್ದೇನೆ. ಕನ್ನಡಕದ ನಂಬರು ಬದಲಾದಂತೆ ಅದು, ಅಷ್ಟೇ.

ಅವರ ಮುಖ ಬಿಗಿಯಿತು. ಜೇಬಿನಿಂದ ಶ್ರುತಿಕವೆಯನ್ನು ತೆಗೆದು ಮೊಣಕಾಲಿಗೆ ಬಡಿದರು. ಎರಡು ಕಾಲಿನ ಉಕ್ಕಿನ ಕವೆ, ಬಡಿದಾಗಲೆಲ್ಲ ಅದೇ ಒಂದು ಸ್ವರ. "ನಮ್ಮಲ್ಲಿ ಸ್ವರ ಬರೆದವನದು ಮೇಡಮ್, ಹಾಡುವವನದಲ್ಲ" ಎಂದರು. ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ನಾರ್‌ಕ್ರಾಸ್

ಅಟ್ಲಾಂಟಾದ ಹತ್ತಿರದ ನಾರ್‌ಕ್ರಾಸಿನಲ್ಲಿ ವಿಜಯಪುರ ಕಡೆಯ ಡಾಕ್ಟರ್ ದೇಸಾಯಿ ತಮ್ಮ ಮನೆಯಲ್ಲಿ ನನ್ನ ಹಾಡಿನ ಬೈಠಕ್ ಇಟ್ಟುಕೊಂಡಿದ್ದರು. ಆರ್ಥರ್ ಕೂಡ ಬರುತ್ತೇನೆಂದರು. ಸಿಟ್ಟು ಮರೆತಿದ್ದರು, ಅಥವಾ ರವಿವಾರ ಮನೆಯಲ್ಲಿ ಒಬ್ಬರೇ ಇರುವುದು ಸಾಕಾಗಿತ್ತು.

ದಾರಿಯಲ್ಲಿ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕು ಕಂಡಿತು. ಒಂದು ಪಕ್ಕದಿಂದ ನೋಡಿದರೆ ಅದು ಹಣ್ಣಿನಂತೆ ಕಾಣುವುದಿಲ್ಲ. ಏನಂತೆ ಕಾಣುತ್ತದೆ ಎಂಬುದನ್ನು ಮರ್ಯಾದಸ್ಥ ಹೆಂಗಸು ಬರೆಯಲಾರಳು, ಆದರೆ ಕಾರಿನಲ್ಲಿ ಹೇಳಿದೆ. "ಮೌಶಿ!" ಎಂದು ವಿದ್ಯಾ ಚೀರಿದಳು. ಆರ್ಥರ್ ಹತ್ತು ಮೈಲಿ ನಕ್ಕರು.

ನಾರ್‌ಕ್ರಾಸಿನ ಭಾರತೀಯ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿದ್ದು ನನಗೆ ಇಡೀ ಅಮೆರಿಕದ ಬಗ್ಗೆ ವಿಶ್ವಾಸ ಮೂಡಿಸಿತು. ಊಟವಾದ ಮೇಲೆ ಜಮಖಾನೆ ಹಾಸಿ ಮೂವತ್ತು ಜನ ಕುಳಿತರು. ಆರ್ಥರ್‌ಗೆ ಕುರ್ಚಿ ಕೊಟ್ಟರೂ ನೆಲದ ಮೇಲೇ ಕುಳಿತರು. ಎಬ್ಬಿಸಲು ಆಮೇಲೆ ಇಬ್ಬರು ಬೇಕಾದರು.

ದೇಸಾಯಿಯವರೇ ಹಾರ್ಮೋನಿಯಂ ಹಿಡಿದರು. "ಅಕ್ಕಾರ, ಯಾವ ಪಟ್ಟಿ?"

ಜಂಬದಿಂದ ಕಪ್ಪು ನಾಲ್ಕು ಎಂದೆ. ನಾಲ್ಕು ತಾಸು ಕಾರಿನ ತಂಪುಗಾಳಿ ಕುಡಿದ ಗಂಟಲು ಹತ್ತು ನಿಮಿಷದಲ್ಲಿ ಕೈಕೊಟ್ಟಿತು. ನಿಲ್ಲಿಸಿದೆ. "ಒಂದು ಪಟ್ಟಿ ಇಳಸ್ರಿ" ಎಂದೆ. ದೇಸಾಯಿ ಇಳಿಸಿದರು. ನಾನು ತಂಬೂರಿ ಪೆಟ್ಟಿಗೆಯ ಗುಂಡಿ ತಿರುವಿ ಮತ್ತೆ ಶುರು ಮಾಡಿದೆ. ಯಾರೂ ಹುಬ್ಬೇರಿಸಲಿಲ್ಲ. ಅರ್ಧ ತಾಸಿನಲ್ಲಿ ರಾಗ ಹದಕ್ಕೆ ಬಂತು. "ವಾಹ್!" "ಭಲೇ!" "ಕ್ಯಾ ಬಾತ್!" ಎಂದು ಸುತ್ತಲಿಂದ ದನಿ ಬೀಳತೊಡಗಿತು. ನಮ್ಮ ಬೈಠಕ್ಕಿನ ಕ್ರಮವೇ ಅದು. ಕೇಳುವವರು ನಡುವೆ ಮಾತಾಡದಿದ್ದರೆ ಹಾಡುವವರು, ಇವರೆಲ್ಲ ಮಲಗಿದರೋ ಏನೋ ಎಂದುಕೊಳ್ಳುತ್ತಾರೆ.

ವಾಪಸು ಬರುವಾಗ ಆರ್ಥರ್ ಸೀಟಿನಲ್ಲಿ ನನ್ನತ್ತ ತಿರುಗಿದರು.

"ಹಾಡುವಾಗಲೇ ಅವರು ನಿಮ್ಮ ಜೊತೆ ಮಾತಾಡುತ್ತಾರೆ" ಎಂದರು. "ನಮ್ಮಲ್ಲಿ ಹಾಡು ಮುಗಿಯುವವರೆಗೂ ನಿಶ್ಶಬ್ದ. ಬದುಕಿದ್ದೇನೋ ಸತ್ತಿದ್ದೇನೋ ಹಾಡುವವನಿಗೆ ತಿಳಿಯುವುದಿಲ್ಲ. ಆ ದಿನ ಯಾರಾದರೂ ಒಬ್ಬರು ಒಂದು ಮಾತು ಅಂದಿದ್ದರೆ..."

ಆಮೇಲೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಅವರ ಹಳೆಯ ಶಿಷ್ಯೆ ಹೆಲೆನ್ ಬರೆದದ್ದು. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನ ಒಂದು ಚರ್ಚಿನಲ್ಲಿ ಅವಳು ಗಾಯನ ತಂಡ ನಡೆಸುತ್ತಾಳೆ. ಕೆಲಸ ಬಿಟ್ಟು ದೂರದ ಪಶ್ಚಿಮ ತೀರಕ್ಕೆ ಹೊರಟಿದ್ದಾಳೆ. ಬೀಳ್ಕೊಡುಗೆಯ ದಿನ ಗುರುಗಳು ಒಂದೇ ಒಂದು ಹಾಡು ಹಾಡಬೇಕು, ತನಗೆ ಮೊದಲು ಕಲಿಸಿದ ಆ ಇಟಾಲಿಯನ್ ಹಾಡು. ಕಾಗದ ಬಂದು ತಿಂಗಳಾಗಿತ್ತು.

"ಹೋಗುತ್ತೇನೆ ಎಂದು ಬರೆದುಬಿಡುತ್ತೇನೆ" ಎಂದರು. "ಇದೂ ತಪ್ಪಿದರೆ ಇನ್ನು ಹಾಡುವುದು ನನ್ನ ಹುಲ್ಲಿನ ಯಂತ್ರಕ್ಕೆ ಮಾತ್ರ."

ಮತ್ತೆ ಫೋರ್ಟ್ ಮಿಲ್

ಮೂರು ವಾರ ಗ್ಯಾರೇಜಿನಲ್ಲಿ ತಾಲೀಮು ನಡೆಯಿತು. ಹಾಡಿನ ಕೊನೆಗೆ ಅದೇ ಮೇಲಿನ ಸ್ವರ ಕಾದಿತ್ತು. ಹತ್ತು ಸಲ ಹತ್ತಿದರೆ ಒಮ್ಮೆ ಸಿಗುತ್ತಿತ್ತು, ಅದೂ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿ. ಒಂದು ದಿನ ನನ್ನ ಪೆಟ್ಟಿಗೆಯ ಶ್ರುತಿ ಕೆಳಗಿಳಿಸಿ ಇಟ್ಟೆ, ಆಟಕ್ಕೆಂಬಂತೆ ಹಾಡಿ ಎಂದೆ. ಹಾಡಿದರು. ಗ್ಯಾರೇಜಿನ ತಗಡಿನ ಬಾಗಿಲು ನಡುಗಿತು. ಆ ದನಿಯಲ್ಲಿ ಇಪ್ಪತ್ತಮೂರು ವರ್ಷ ನಾಯಕನಾಗಿ ಮೆರೆದವ ಇನ್ನೂ ಹಾಗೇ ನಿಂತಿದ್ದ.

"ಇದನ್ನೇ ಹಾಡಿ!" ಎಂದೆ.

"ಆಗುವುದಿಲ್ಲ."

"ಯಾಕೆ ಆಗುವುದಿಲ್ಲ? ನಿಮ್ಮಲ್ಲಿ ಯಾರೂ ಇಳಿಸುವುದೇ ಇಲ್ಲವೇ?"

"ಇಳಿಸುತ್ತಾರೆ. ಗುಟ್ಟಾಗಿ." ಅವರು ಹುಲ್ಲಿನ ಯಂತ್ರದ ಮೇಲೆ ಕುಳಿತರು. "ನನಗಿಂತ ಹಿರಿಯ ಟೆನರ್ ಒಬ್ಬರಿದ್ದರು. ಅವರು ಇಳಿಸಿ ಹಾಡಿದ್ದು ನನಗೆ ಗೊತ್ತಾಯಿತು. ಮೂವತ್ತೈದರ ಸೊಕ್ಕು. ಎಲ್ಲರ ಊಟದ ಮೇಜಿನಲ್ಲಿ, ಅವರ ಎದುರೇ, ಹೇಳಿ ನಗಾಡಿದೆ. ಅವರು ಮತ್ತೆ ಹಾಡಲಿಲ್ಲ."

ನಾನು ಎಲ್ಲರೆದುರು ತಿದ್ದಿದ ಮಕ್ಕಳ ಮುಖಗಳು ನೆನಪಾದವು, ಚಿಕ್ಕ ಹುಡುಗಿ ವಿದ್ಯಾಳದೂ. ಆದರೂ ಬಾಯಿ ಸುಮ್ಮನಿರಬೇಕಲ್ಲ? "ಹಾಗಾದರೆ ನೀವು ಹಾಡುವುದು ಶಿಷ್ಯೆಗಾಗಿ ಅಲ್ಲ, ಪ್ರಾಯಶ್ಚಿತ್ತಕ್ಕೆ" ಎಂದುಬಿಟ್ಟೆ. ಅವರು ಶ್ರುತಿಕವೆ ಬಡಿದರು. ಬರೆದ ಹಾಗೇ ಹಾಡುವುದೆಂದು ತೀರ್ಮಾನವಾಯಿತು.

ಹೊರಡುವ ಮುನ್ನ ವಿದ್ಯಾ ನನ್ನನ್ನು ಕೂಡಿಸಿಕೊಂಡು ಬುದ್ಧಿ ಹೇಳಿದಳು. "ಮೌಶಿ, ಅಲ್ಲೆ ಪಿನ್ ಡ್ರಾಪ್ ಸೈಲೆನ್ಸ್ ಇರ್ತದ. ವಾಹ್ ಇಲ್ಲ, ಭಲೇ ಇಲ್ಲ, ತೊಡಿ ಮ್ಯಾಲ ತಾಳಾನೂ ಇಲ್ಲ. ಪ್ರಾಮಿಸ್ ಮಾಡು."

"ನಾ ಏನ್ ಸಣ್ಣ ಕೂಸೇನ?" ಎಂದೆ. ಪ್ರಾಮಿಸ್ ಮಾಡಿದೆ.

ಮೇರಿಲ್ಯಾಂಡ್

ಏಳು ತಾಸಿನ ದಾರಿ. ವಾಷಿಂಗ್ಟನ್ನಿನ ಗೋಪುರ, ಗುಮ್ಮಟ ಎಲ್ಲ ಕಾರಿನ ಕಿಟಕಿಯಿಂದ ಕಂಡವು. ಆರ್ಥರ್ ಯಾವುದನ್ನೂ ನೋಡಲಿಲ್ಲ. ಕರಿ ಮಿಠಾಯಿಯ ಡಬ್ಬಿ ದಾರಿಯಲ್ಲೇ ಖಾಲಿಯಾಯಿತು. ನನ್ನ ಜ್ಯೇಷ್ಠಮಧುವಿನ ಕಡ್ಡಿಯನ್ನು ಅವರ ಕೋಟಿನ ಜೇಬಿಗೆ ಹಾಕಿದೆ.

ಚರ್ಚಿನಲ್ಲಿ ರವಿವಾರ ಮಧ್ಯಾಹ್ನದ ಬಿಸಿಲು ಬಣ್ಣದ ಗಾಜಿನಿಂದ ಇಳಿದಿತ್ತು. ಇನ್ನೂರು ಜನ. ಎಷ್ಟು ಶಿಸ್ತೆಂದರೆ, ಒಬ್ಬ ಕೆಮ್ಮಬೇಕಾದರೆ ಇನ್ನೊಬ್ಬರ ಅಪ್ಪಣೆ ಕೇಳುವಂತಿತ್ತು. ನಾವು ಎರಡನೆಯ ಸಾಲಿನಲ್ಲಿ ಕುಳಿತೆವು. ಹೆಲೆನ್, ಐವತ್ತರ ತೆಳ್ಳಗಿನ ಹೆಂಗಸು, ಪಿಯಾನೋಗೆ ಕುಳಿತಳು. ಆರ್ಥರ್ ಬಂದು ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ. ಪಿಯಾನೋದ ಅಂಚನ್ನು ಬಿಗಿಯಾಗಿ ಹಿಡಿದಿದ್ದರು.

ಶುರು ಮಾಡಿದರು. ಮೊದಲ ಸಾಲು ಎಚ್ಚರಿಕೆಯಿಂದ ನಡೆಯಿತು. ಎರಡನೆಯ ಸಾಲಿನಲ್ಲಿ ದನಿ ಮೇಲಿನಿಂದ ಕೆಳಕ್ಕೆ, ಒಂದು ಸ್ವರದಿಂದ ಇನ್ನೊಂದಕ್ಕೆ, ರೇಷ್ಮೆ ಸೀರೆ ಮಡಿಕೆಯಿಂದ ಜಾರಿದಂತೆ ಜಾರಿತು.

"ವಾಹ್!"

ಯಾರಪ್ಪ ಅಂದದ್ದು ಎಂದು ನಾನೂ ತಿರುಗಿ ನೋಡಬೇಕೆನ್ನುವಷ್ಟರಲ್ಲಿ ತಿಳಿಯಿತು, ಅಂದವಳು ನಾನೇ. ಅದೂ ಮೆಲ್ಲಗಲ್ಲ. ನಲವತ್ತು ವರ್ಷ ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟಿದ ದನಿ ಅದು. ಹೆಲೆನ್‌ಳ ಬೆರಳು ತಪ್ಪಿ ಪಿಯಾನೋ ನಿಂತಿತು. ಹಾಡು ನಿಂತಿತು. ಇನ್ನೂರು ತಲೆಗಳು ನನ್ನತ್ತ ತಿರುಗಿದವು. ವಿದ್ಯಾ ಮುಖ ಮುಚ್ಚಿಕೊಂಡು ಬೆಂಚಿನಲ್ಲಿ ಕುಸಿದಳು.

ಹದಿನಾರು ವರ್ಷದ ನಂತರ ಜನರೆದುರು ಬಾಯಿ ತೆರೆದ ಮನುಷ್ಯನ ಹಾಡನ್ನು ನಾನು ನಡುವೆ ಮುರಿದಿದ್ದೆ. ಅಲ್ಲೇ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಆರ್ಥರ್ ನನ್ನನ್ನು ನೋಡಿದರು. ಅವರ ತುಟಿಯ ಅಂಚು ನಡುಗಿತು. ಅಳುತ್ತಾರೆ ಎಂದುಕೊಂಡೆ, ನಕ್ಕುಬಿಟ್ಟರು. ಪೀಚ್ ಹಣ್ಣಿನ ಟ್ಯಾಂಕು ಕಂಡಾಗಿನ ಅದೇ ನಗು. ಪಿಯಾನೋದ ಅಂಚು ಹಿಡಿದಿದ್ದ ಕೈ ಬಿಟ್ಟರು.

"ಕ್ಷಮಿಸಿ" ಎಂದರು ಜನರಿಗೆ. "ಇವರು ನನ್ನ ಪಕ್ಕದ ಮನೆಯವರು. ಇವರ ದೇಶದಲ್ಲಿ ಹಾಡುವವನು ಬದುಕಿದ್ದಾನೆ ಎಂದು ಅವನಿಗೇ ತಿಳಿಸುವ ರೂಢಿಯಿದೆ." ಆಮೇಲೆ ಪಿಯಾನೋ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಹೆಲೆನ್, ಮೊದಲಿನಿಂದ ಹಾಡುತ್ತೇನೆ. ಒಂದು ಪಟ್ಟಿ ಕೆಳಗೆ. ನನಗೆ ಎಪ್ಪತ್ನಾಲ್ಕು ವರ್ಷ" ಎಂದರು.

ಹೆಲೆನ್ ತನ್ನ ಹಾಳೆಗಳ ಕಟ್ಟಿನ ತಳದಿಂದ ಒಂದು ಪ್ರತಿ ತೆಗೆದು ಮುಂದಿಟ್ಟುಕೊಂಡಳು. ಕೆಳಗಿನ ಶ್ರುತಿಗೆ ಬರೆದ ಪ್ರತಿ. ತಾನೇ ಬರೆದು, ಗುರುಗಳಿಗೆ ಕೊಡಲು ಧೈರ್ಯವಿಲ್ಲದೆ ಮೂರು ವಾರ ಬಚ್ಚಿಟ್ಟಿದ್ದಳಂತೆ. ಆಮೇಲೆ ಹೇಳಿದಳು.

ಅವರು ಹಾಡಿದರು. ಹೇಗೆ ಹಾಡಿದರು ಎಂದು ಬರೆಯಲು ಹೋಗುವುದಿಲ್ಲ. ಕೊನೆಯ ಸ್ವರದ ಹೊಸ್ತಿಲು ಬಂದಾಗ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಅವರು ನಿಲ್ಲಲಿಲ್ಲ, ಒಳಗೆ ಹೋದರು. ತಮ್ಮದೇ ಮನೆಯೊಳಗೆ ಹೋಗುವವರ ಹಾಗೆ ಹೋದರು, ಅಲ್ಲೇ ಬೇಕಾದಷ್ಟು ಹೊತ್ತು ಇದ್ದರು.

ಹಾಡು ಮುಗಿಯಿತು. ಚಪ್ಪಾಳೆ ಬೀಳುವ ಮೊದಲೇ ಅವರು ಎರಡನೆಯ ಸಾಲಿನತ್ತ ಕೈ ಚಾಚಿದರು.

"ಮೇಡಮ್, ಈಗ."

ಎಲ್ಲರೂ ನನ್ನತ್ತ ನೋಡಿದರು. ಕೈ ಕೆಳಗಿಳಿಸಿದೆ, ಬಾಯಿ ತೆರೆದೆ. ದನಿ ಇರಲಿಲ್ಲ. ಕೆನ್ನೆ ಒದ್ದೆಯಾಗಿತ್ತು. ಬೇಡದಾಗ ಬಂದ ಮಾತು ಬೇಕಾದಾಗ ಬರಲಿಲ್ಲ.

ಆಗ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ವಿದ್ಯಾ ಎದ್ದು ನಿಂತಳು. ನನಗೆ ಎರಡು ತಿಂಗಳಿಂದ ಈ ದೇಶದ ರೀತಿ ನೀತಿ ಕಲಿಸಿದ್ದ, ನನ್ನ ಮುಂದೆ ಇಪ್ಪತ್ತು ವರ್ಷದಿಂದ ಒಂದು ಸ್ವರವೂ ಎತ್ತದಿದ್ದ ವಿದ್ಯಾ, ಇಡೀ ಚರ್ಚಿಗೆ ಕೇಳುವಂತೆ ರಾಗವಾಗಿ ಕೂಗಿದಳು.

"ವಾ...ಹ್!"

ಸ್ವರ ಸ್ವಲ್ಪ ಏರಿತ್ತು. ನನಗೆ ಸ್ಪಷ್ಟವಾಗಿ ಕೇಳಿತು. ಅವಳ ಕೈ ಹಿಡಿದುಕೊಂಡೆ, ತಿದ್ದಲಿಲ್ಲ.